ಹೊಸ ಚೀಟಿ

ಬಾಳೆಹೊನ್ನೂರು. ಬೀರು ತೆರೆದರೆ ನುಸಿಗುಳಿಗೆಯ ವಾಸನೆ.
ಹಾಳೆಗೆ ಹೊಲಿದ ಒಣರೆಂಬೆ, ಕೆಳಗೆ ಕಂದಿದ ಮಸಿಯಲ್ಲಿ
ಸೈಲಾಂತಸ್.

ಕೇಸರ ಹೊರಗೆ ಚಾಚಿದರೆ ಕಾಫಿಯಾ,
ಕೊಳವೆಯೊಳಗೇ ಮುಖ ಮುಚ್ಚಿಕೊಂಡರೆ ಸೈಲಾಂತಸ್.
ಇಷ್ಟಕ್ಕೇ
ನೂರು ಚಿಲ್ಲರೆ ವರ್ಷ ಬೇರೆ ಒಲೆ.

ಈಗ ಕಾಗದ ಬಂದಿದೆ: ಎಲ್ಲ ಒಂದೇ ಕುಲ.
ಇಥಿಯೋಪಿಯಾದ ಅರೇಬಿಕಾ, ಕಾಂಗೋದ ರೊಬಸ್ಟಾ,
ಮಡಗಾಸ್ಕರಿನ ಸಪ್ಪೆ ಬೀಜದವು,
ಯಾರೂ ಕುದಿಸಿ ಕುಡಿಯದ
ನಮ್ಮ ಕಾಡಿನ ಈ ಸೊಂಟದೆತ್ತರದ್ದೂ.

ಹಳೆ ಹೆಸರು ಕೀಳುವಂತಿಲ್ಲ.
ಪಕ್ಕದಲ್ಲಿ ಹೊಸ ಚೀಟಿ, ತಾರೀಖು, ರುಜು.
ಗೋಂದು ಹಚ್ಚುತ್ತ ಬೆನೆಡಿಕ್ಟಾ ಕೇಳಿದಳು:
'ಸಾರ್, ಒಟ್ಟಾಗಿದ್ದು ಗಿಡಕ್ಕೆ ಗೊತ್ತಾ?'
ನಾನು ಎಪ್ಪತ್ತಮೂರನೆಯ ಹಾಳೆಯಲ್ಲಿದ್ದೆ.

ಊಟದ ಬಿಡುವಿನಲ್ಲಿ ಹೋಗಿ ನೋಡಿದೆವು.
ಹೂಮಳೆ ಬಿದ್ದು ಒಂಬತ್ತು ದಿನ;
ಅರೇಬಿಕಾ ಸಾಲೆಲ್ಲ ಬಿಳಿಯೋ ಬಿಳಿ, ಜೇನಿನ ಗದ್ದಲ.
ಬೇಲಿಯಾಚೆ ಇದು,
ಎರಡೇ ಹೂ, ಐದೈದು ಎಸಳು,
ಯಾರನ್ನೂ ಕರೆದಂತಿಲ್ಲ.

ಅವಳು ಉಗುರಿನಿಂದ ಕೊಳವೆ ಸೀಳಿದಳು.
'ಒಳಗಿದೆ,' ಎಂದಳು, ಪಕ್ಕದ ಮನೆಯವರು
ಊರಲ್ಲೇ ಇದ್ದಾರೆ ಅನ್ನುವ ಹಾಗೆ.

ಮಧ್ಯಾಹ್ನ ಎಪ್ಪತ್ತನಾಲ್ಕನೆಯ ಚೀಟಿ ಒತ್ತಿದಾಗ
ಅವಳ ಬೆರಳಿಂದ ಒಂದು ಹಳದಿ ಚುಕ್ಕೆ
ರುಜುವಿನ ಮೇಲೆ.
ಒರೆಸಲು ಬಟ್ಟೆ ಎತ್ತಿಕೊಂಡೆ,
ಬೀರುವಿನ ಬಾಗಿಲು ಒರೆಸಿದೆ.