ಎರಡು ದಿನದ ಬುತ್ತಿ

ಸುಕೇಳಿ ಹದಿನೆಂಟು. ಎಣಿಸಿಯೇ ಕಟ್ಟಿದ್ದು.
ಏಳು ಕಿಲೋಮೀಟರಿಗೆ ಒಂದು,
ಏರಿದ್ದರೆ ಒಂದೂವರೆ.
ಹುರಿದ ಶೇಂಗಾ ಕಾಲು ಕಿಲೋ, ಬೆಲ್ಲ ಅದರರ್ಧ,
ಒಗ್ಗರಣೆ ಅವಲಕ್ಕಿ, ಕಾಯಿ ಹಾಕದ್ದು,
ಹಾಕಿದರೆ ಮಧ್ಯಾಹ್ನಕ್ಕೇ ಹಳಸುತ್ತದೆಂದು.
ನನ್ನ ಕೆಲಸ ಸೊಸೈಟಿಯ ತೂಕದ ಕಟ್ಟೆಯಲ್ಲಿ.
ಹಾಗಾಗಿ ಬುತ್ತಿಯನ್ನೂ ತೂಗಿದೆ:
ಎರಡು ಕಿಲೋ ಮುನ್ನೂರು ಗ್ರಾಂ, ಡಬ್ಬಿ ಬಿಟ್ಟು.

ತೊಡದೇವು ಮಾತ್ರ ಲೆಕ್ಕದಾಚೆ.
ಪಕ್ಕದ ಮನೆಯ ಶರಾವತಿ ಅತ್ತಿಗೆ ಬೆಳಗಿನ ಐದಕ್ಕೆ
"ಹಾದಿಗೆ ಆಗ್ತು, ತಗಂಡೋಗು" ಎಂದು ಕೈಗಿಟ್ಟಳು.
ಊದಿದರೆ ಹಾರುವಂಥದ್ದನ್ನು
ಸೈಕಲ್ಲಿಗೆ ಕಟ್ಟುವುದು ಹೇಗೆ?
ಇಸ್ತ್ರಿ ಮಾಡಿದ ಎರಡು ಅಂಗಿಗಳ ನಡುವೆ ಇಟ್ಟೆ.

ರಾಗಿಹೊಸಳ್ಳಿಯ ಚಾ ಅಂಗಡಿಯಲ್ಲಿ ಬನ್ಸ್ ಬಿಸಿ ಇತ್ತು.
ತಿನ್ನಲಿಲ್ಲ. ಯೋಜನೆಯಲ್ಲಿರಲಿಲ್ಲ.
ಆಮೇಲೆ ಇಡೀ ದಿನ ಅದೇ ಬನ್ಸ್
ಹಿಂದಿನ ಚಕ್ರದ ಹಾಗೆ ಬೆನ್ನು ಬಿಡಲಿಲ್ಲ.

ದೇವಿಮನೆ ಘಟ್ಟದಲ್ಲಿ ಬ್ರೇಕಿನ ರಬ್ಬರು ಸುಟ್ಟ ವಾಸನೆ,
ಪ್ರತಿ ತಿರುವಿಗೂ ಅಂಗಿಗಳ ನಡುವೆ
ಏನೋ ಮೆಲ್ಲಗೆ ಮುರಿಯುವ ಸದ್ದು.
ಕತಗಾಲಿನಲ್ಲಿ ಬಿಚ್ಚಿ ನೋಡಿದರೆ ಸಿಹಿ ಹೊಟ್ಟು.
ಚಮಚದಲ್ಲಿ ತಿಂದೆ. ರುಚಿಗೇನೂ ಪೆಟ್ಟಾಗಿರಲಿಲ್ಲ.

ಕುಮಟೆಯಲ್ಲಿ ಹೆದ್ದಾರಿ ಬದಿಗೆ ಸಾಲಾಗಿ
ಸಿಹಿ ಈರುಳ್ಳಿಯ ಜಡೆಗಳು.
"ಕಿಲೋಗೆ ಎಷ್ಟು?" ಅಂದೆ, ಅಭ್ಯಾಸಬಲ.
ಮಾಸ್ತಮ್ಮ ನಕ್ಕಳು: "ಜಡೆ ಲೆಕ್ಕ. ತೂಕ ಯಂತಕ್ಕೆ?"
ಒಂದನ್ನು ಹ್ಯಾಂಡಲಿಗೆ ಸಿಕ್ಕಿಸಿದೆ.
ಬ್ರೇಕು ಹಿಡಿದಾಗಲೆಲ್ಲ ಮೊಣಕಾಲಿಗೆ ಬಡಿಯಿತು.

ಅಘನಾಶಿನಿಯ ಬಾರ್ಜು ಆಗಷ್ಟೇ ಹೋಗಿತ್ತು.
ತದಡಿಯಲ್ಲಿ ಇಳಿದಾಗ ಮೂರೂವರೆ.
ಮೂರೂವರೆ ಎಂದರೆ ಹೋಟೆಲಿನವರ ಅಮಾವಾಸ್ಯೆ:
ಊಟ ಮುಗಿದಿದೆ, ತಿಂಡಿ ಆಗಿಲ್ಲ,
ಪಾತ್ರೆ ತೊಳೆಯುವವನೊಬ್ಬನೇ ಎಚ್ಚರ.
ಸುಕೇಳಿ? ಒಂದೂ ಉಳಿದಿರಲಿಲ್ಲ.
ಏಳು ಕಿಲೋಮೀಟರಿನ ಲೆಕ್ಕವನ್ನು
ಹಸಿವು ನಾಲ್ಕಕ್ಕೇ ಹರಿದು ಹಾಕಿತ್ತು.

ಸಾಣಿಕಟ್ಟೆಯಲ್ಲಿ ಮೀನಖಂಡಕ್ಕೆ ಸೆಳೆತ.
ಆಗರದ ದಂಡೆಗೆ ಸೈಕಲ್ ಒರಗಿಸಿ ಬಿದ್ದುಕೊಂಡೆ.
ಉಪ್ಪು ಎಳೆಯುತ್ತಿದ್ದ ಬೀರ ಆಗೇರ
ಹಲಗೆ ಕೆಳಗಿಡದೆಯೇ ಕೇಳಿದ:
"ಏನೆಲ್ಲ ಕಟ್ಕಂಡ್ ಬಂದ್ಯಾ?"
ಪಟ್ಟಿ ಒಪ್ಪಿಸಿದೆ.
"ಉಪ್ಪು?"

ಉಪ್ಪು ಮರೆತಿತ್ತು.
ಸುತ್ತ ಎಕರೆಗಟ್ಟಲೆ ಬೆಳ್ಳಗೆ ಅದೇ.
ಚಿಟಿಕೆ ಹೆಕ್ಕಿ ನಾಲಗೆಗಿಟ್ಟೆ.
ಈರುಳ್ಳಿಯೊಂದನ್ನು ಗುದ್ದಿ ಒಡೆದು, ಉಪ್ಪು ಸವರಿ,
ಅವಲಕ್ಕಿಯ ಕೊನೆಯ ಮುಷ್ಟಿಯಲ್ಲಿ ಅರ್ಧ ಅವನಿಗೆ ಕೊಟ್ಟೆ.
ಅವನಿಗೆ ಸೇರಲಿಲ್ಲ.
"ಕಾಯಿ ಹಾಕ್ಲಿಲ್ವೇನಾ?" ಎಂದು ಹೇಗೋ ನುಂಗಿದ.

ಮರುದಿನ ಅಂಕೋಲೆಯಲ್ಲಿ ಬನ್ಸ್ ಮೂರು, ಯೋಜನೆಯಿಲ್ಲದೆ.

ಕಾರವಾರದ ಕಡಲತಡಿಯಲ್ಲಿ
ಡಬ್ಬಿ ತೊಳೆಯಲೆಂದು ತೆರೆದರೆ
ಬೆಲ್ಲ ಅಂಟಿದ ತಳದಲ್ಲಿ ಇರುವೆಗಳು.
ಶಿರಸಿಯವು. ನಮ್ಮ ಅಡುಗೆಮನೆ ಗೂಡಿನ ಅದೇ ಕಂದು ಸಂತತಿ.
ಘಟ್ಟ ಇಳಿದು, ಹೊಳೆ ದಾಟಿ,
ಒಂದು ಪೆಡಲೂ ತುಳಿಯದೆ ಬಂದಿದ್ದವು,
ಸಿಕ್ಕಷ್ಟು ತಿಂದು, ಏನನ್ನೂ ಎಣಿಸದೆ.
ಒಂದು ಅಂಚಿನವರೆಗೆ ಹತ್ತಿತು,
ಮೀಸೆಯಾಡಿಸಿತು ಉಪ್ಪುಗಾಳಿಗೆ,
ಹಿಂದಿರುಗಿ ಉಳಿದವಕ್ಕೆ ಏನೋ ಹೇಳಿತು.

ಡಬ್ಬಿ ತೊಳೆಯಲಿಲ್ಲ.
ರಾತ್ರಿ ಬಸ್ಸಿನ ನೆತ್ತಿಯಲ್ಲಿ ಸೈಕಲ್,
ತೊಡೆಯ ಮೇಲೆ ಡಬ್ಬಿ, ಮುಚ್ಚಳ ಸಡಿಲ.
ಕಂಡಕ್ಟರ್ ಲಗೇಜು ಟಿಕೆಟ್ ಹರಿದದ್ದು
ಸೈಕಲ್ಲಿಗೊಂದೇ.