ಏಣಿ ಹಿಡಿದವನ ಮಾತು

ಸಂತಾಪ ಸಭೆಗೆ ಎರಡು ಮಾತು ಬರಿ ಅಂದರು.
ನಾನು ಏಣಿ ಹಿಡಿದವನು, ಹತ್ತೊಂಬತ್ತು ವರ್ಷ.
ಕೆಳಗಿನಿಂದ ಕಂಡದ್ದಷ್ಟೇ ಹೇಳಬಲ್ಲೆ:
ಒಡೆದ ಹಿಮ್ಮಡಿ, ಹೊಲಿಗೆ ಬಿಟ್ಟ ಚಪ್ಪಲಿ,
ಮೇಲೆ ಹಳದಿ ಬೆಳಕಿನಲ್ಲಿ ಅರ್ಧ ಮುಖ.

ಗುರುಪಾದಪ್ಪ ಜಂಬಗಿ. ಇಂಡಿ ತಾಲೂಕಿನ ಕಡೆಯವರು.
ಪುಣೆ ಮಹಾನಗರಪಾಲಿಕೆ, ಬೀದಿದೀಪ ವಿಭಾಗ.
ಏಳನೇ ಇಯತ್ತೆ ನಪಾಸು.

ಬಲ್ಬು ಬದಲಿಸುವವರು ಗಾಜಿನ ಬುರುಡೆ ಬಿಚ್ಚಿ
ಒಳಗಿನ ಹುಳದ ಹೊಟ್ಟನ್ನು ಗಾಳಿಗೆ ತೂರುತ್ತಾರೆ,
ಕೆಳಗಿದ್ದವನ ತಲೆ ಮೇಲೆ. ನಾನೂ ಹಾಗೇ ಕಲಿತಿದ್ದೆ.
ಇವರು ಮೊದಲ ದಿನವೇ ಬುರುಡೆಯನ್ನು ಎದೆಗೊತ್ತಿಕೊಂಡು
ಕೂಸು ಇಳಿಸಿದಂತೆ ಇಳಿಸಿ ತಂದು
ಫುಟ್‌ಪಾತಿನಲ್ಲಿ ಮರಾಠಿ ಪೇಪರು ಹಾಸಿದರು.
ಕೋಳಿಪುಕ್ಕದ ತುದಿಯಿಂದ
ರೆಕ್ಕೆ ಹರಿದದ್ದು ಇತ್ತ, ಇಡಿಯಾಗಿ ಉಳಿದದ್ದು ಅತ್ತ.
ರಾತ್ರಿ ಹನ್ನೊಂದೂವರೆ. ಸಹಕಾರನಗರದ ನಾಯಿಗಳು
ಬೊಗಳುವುದು ಬಿಟ್ಟು ಸುತ್ತ ಕೂತವು.

ಮಿಠಾಯಿ ಡಬ್ಬಿ, ನುಸಿಗುಳಿಗೆ, ನೀಲವ್ವನ ಗುಂಡುಸೂಜಿ.
ಹೆಸರೂ ತಾವೇ ಇಟ್ಟರು ಪತಂಗಗಳಿಗೆ:
ಕರಕಲು ರೊಟ್ಟಿ, ಇಳಕಲ್ ಸೆರಗು, ಮುದುಕಿ ಮೂಗುತಿ,
ಎಷ್ಟು ಊದಿದರೂ ಜಾಗ ಬಿಡದ ಬೂದುಬಣ್ಣದ್ದೊಂದಕ್ಕೆ
ಹೆಡ್‌ಕ್ಲಾರ್ಕ್ ಧುಮಾಳ.
ಕಾಲೇಜಿನ ಮೇಡಂ ಒಬ್ಬರು ಸುದ್ದಿ ಕೇಳಿ ಬಂದು
ಲ್ಯಾಟಿನ್ ಹೆಸರು ಹೇಳಿದರು. ಕನ್ನಡದಲ್ಲೇ ಬರೆದುಕೊಂಡರು,
ಒತ್ತಕ್ಷರ ತಪ್ಪದಂತೆ ಎರಡೆರಡು ಸಲ ಹೇಳಿಸಿ.
ಆಮೇಲೆ ನನಗಂದರು:
‘ಅದು ಸಾಲಿ ಹೆಸರು, ಹಾಜರಿಗೆ ಬೇಕು.
ಇದು ಮನಿ ಹೆಸರು.’

ಕೆಲವಕ್ಕೆ ಬಾಯೇ ಇಲ್ಲವೆಂದು
ಭೂತಗನ್ನಡಿಯಲ್ಲಿ ಕಂಡ ರಾತ್ರಿ
ತಮ್ಮ ಬುತ್ತಿ ನನ್ನ ಕಡೆ ಸರಿಸಿದರು.
‘ಹುಳ ಇದ್ದಾಗನ ಎಲ್ಲಾ ಉಂಡ ಬಂದೈತಿ ಇದು.
ಈಗ ಹಾರೋದಷ್ಟ ಉಳದೈತಿ.’
ಮತ್ತೆ ತುಸು ಹೊತ್ತಿಗೆ, ‘ಚಟ್ನಿ ಐತೇನು?’

ಹಳೇ ಮೀಟರ್ ರಿಜಿಸ್ಟರಿನಲ್ಲಿ ಕಂಬದ ನಂಬರು, ತಿಥಿ, ಗಾಳಿ.
ಒಂದು ಕಡೆ ಹೀಗಿದೆ:
‘ಅಮಾಸಿ. ತಳಜಾಯಿ ಗುಡ್ಡ. ಮೊದಲ ಮಳಿ.
ಬಾಳ ಬಂದಾವ. ಎಣಸಾಕ ಆಗಲಿಲ್ಲ, ಕ್ಷಮಾ ಇರಲಿ.’
ಯಾರ ಕ್ಷಮೆ? ಆ ರಿಜಿಸ್ಟರನ್ನು
ಯಾವ ಸಾಹೇಬನೂ ತಪಾಸಣೆ ಮಾಡುತ್ತಿರಲಿಲ್ಲ.
ಹೆಸರು ಸಿಗದವಕ್ಕೆ ಗೊತ್ತಿಲ್ಲ ಒಂದು, ಗೊತ್ತಿಲ್ಲ ಎರಡು,
ಹೀಗೆ ಗೊತ್ತಿಲ್ಲ ನೂರಾ ಹದಿನೇಳರ ತನಕ,
ಪ್ರತಿಯೊಂದರ ಮುಂದೆ ಸಣ್ಣಕೆ ಖುಷಿಯ ಒಂದು ಚುಕ್ಕಿ.

ಆಮೇಲೆ ಎಲ್‌ಇಡಿ ಬಂತು. ಬುರುಡೆ ಇಲ್ಲ, ಬಿಚ್ಚುವುದಿಲ್ಲ,
ಏಣಿಯ ಬದಲು ಬುಟ್ಟಿ ಕಟ್ಟಿದ ಲಾರಿ.
ಮೊದಲ ರಾತ್ರಿ ಕಂಬದ ಕೆಳಗೆ ನಿಂತು ತಲೆಯೆತ್ತಿ
ಬಹಳ ಹೊತ್ತು ಕಾದರು.
‘ಬೆಳಕ ಚಲೋ ಐತಿ,’ ಅಂದರು. ‘ಬರೋರಿಲ್ಲ.’

ಸಕ್ಕರೆ ಕಾಯಿಲೆ. ಏಣಿ ಏರಿದ ಕಾಲನ್ನೇ
ಮೊದಲು ತೆಗೆದರು ಸಸೂನ್ ಆಸ್ಪತ್ರೆಯಲ್ಲಿ.
ಹೋಳಿ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಹೋದರು.
ನೀಲವ್ವ ಡಬ್ಬಿಗಳನ್ನು ತೆರೆದರು:
ನುಸಿಗುಳಿಗೆ ಯಾವಾಗಲೋ ತೀರಿ ಇರುವೆ ಹೊಕ್ಕಿದ್ದವು.
ಉಳಿದದ್ದು ಸೂಜಿಗಳು. ಸಾಲಾಗಿ, ನೆಟ್ಟಗೆ,
ಏನನ್ನೂ ಚುಚ್ಚದೆ ನಿಂತ ಸೂಜಿಗಳು,
ಪ್ರತಿಯೊಂದರ ಬುಡದಲ್ಲಿ ಒಂದು ಹೆಸರು.

ಸಭೆಯಲ್ಲಿ ಓದಬಾರದ್ದು ಒಂದಿದೆ.
ತಳಜಾಯಿ ಗುಡ್ಡದ ಕೊನೆಯ ಕಂಬದಲ್ಲಿ
ಹಳದಿ ದೀಪ ಇನ್ನೂ ಇದೆ.
ದೂರು ಬಂದಾಗಲೆಲ್ಲ ‘ಮಾಲು ಬಂದಿಲ್ಲ’ ಎಂದು ನಾನೇ ಬರೆಯುತ್ತೇನೆ.
ಕಳೆದ ವಾರ ಏಣಿ ತಂದು ಒಬ್ಬನೇ ಹತ್ತಿದೆ.
ಕೆಳಗೆ ಹಿಡಿಯುವವರಿಲ್ಲದೆ ಕಾಲು ನಡುಗಿತು.
ಬುರುಡೆಯಲ್ಲಿ ಕಾಗದದಷ್ಟು ತೆಳುವಾದದ್ದು,
ದುಂಡಗೆ, ತಿಳಿಹಸಿರು, ನಾನು ಕಂಡೇ ಇರದದ್ದು.
ಕೈ ಅದುರುತ್ತಲೇ ಬರೆದೆ: ಗೊತ್ತಿಲ್ಲ ನೂರಾ ಹದಿನೆಂಟು.

ಬೆಳಗ್ಗೆ ನೋಡಿದರೆ ತಪಸಿ ಮರದ ಬೀಜ.
ಆ ಸಾಲನ್ನು ಹೊಡೆದುಹಾಕಿಲ್ಲ.
ಚುಕ್ಕಿ ಇಡುವುದು ಮರೆತಿದ್ದೆ, ಇಟ್ಟೆ.