ಹಲಗೆಯ ಮೇಲೆ ಬರೆದದ್ದು

ಸಂಬಳಪಟ್ಟಿಯಲ್ಲಿ ಮೂವರು, ಬಸ್ಸಿನಲ್ಲಿ ನಾಲ್ವರು.
ನಾಲ್ಕನೆಯವನು ನಾನು.
ನಸುಕಿನಲ್ಲಿ ಊರಿನ ರಸ್ತೆಗಳ ಹಿಮ ಗೋರಿ
ಮಧ್ಯಾಹ್ನ ಹುಡುಗರ ಕೋಲುಗಳಿಗೆ ಜಾಳಿಗೆ ಹೆಣೆಯುತ್ತೇನೆ.
ಲ್ಯಾಕ್ರೋಸ್ ಎಂದರೆ ನನಗೆ ಮೊದಲು ಗಂಟು, ಆಮೇಲೆ ಆಟ.
ಒಂದು ಗಂಟು ಸಡಿಲವಾಯಿತೋ,
ಚೆಂಡು ಸುಳ್ಳು ಹೇಳುತ್ತದೆ.

ದೊಡ್ಡ ಕೋಚ್ ಹಾಲೊರನ್.
ಇಪ್ಪತ್ತಾರು ವರ್ಷ ಇದೇ ಗೆರೆಯ ಮೇಲೆ ನಿಂತು ಕೂಗಿದವರು.
ಸರೋವರದಾಚೆಯ ಉಪ್ಪಿನ ಕಾರ್ಖಾನೆಗೂ ಕೇಳಿಸುತ್ತಿತ್ತಂತೆ ಆ ದನಿ,
ಅಲ್ಲಿಯವರು ಅದನ್ನು ಕೇಳಿಯೇ ಚಹಾಕ್ಕೆ ಏಳುತ್ತಿದ್ದರಂತೆ.
ನವೆಂಬರಿನಲ್ಲಿ, ರಾಚೆಸ್ಟರಿನ ಆಸ್ಪತ್ರೆಯಲ್ಲಿ
ಗಂಟಲಿನಿಂದ ಏನನ್ನೋ ತೆಗೆದರು.
ಅದರ ಬೆನ್ನಿಗೇ ದನಿಯೂ ಹೋಯಿತು.

ಜನವರಿಗೆ ಬಂದರು, ಕೊರಳಿಗೆ ಮಫ್ಲರ್ ಸುತ್ತಿ,
ಕಂಕುಳಲ್ಲಿ ಆಟಿಕೆ ಅಂಗಡಿಯ ಬಿಳಿ ಹಲಗೆ,
ದಾರಕ್ಕೆ ಕಟ್ಟಿದ ಹಸಿರು ಪೆನ್ನು.
ಮೊದಲ ದಿನ ಬರೆದದ್ದು ಒಂದೇ ಮಾತು: ಓಡಿ.
ಓಡಿದರು ಹುಡುಗರು,
ಬೈಸಿಕೊಂಡು ಯಾವತ್ತೂ ಓಡದಷ್ಟು.

ಆಕ್ರಮಣ ನೋಡಿಕೊಳ್ಳುವವನು ಪ್ರೆಸ್ಕಾಟ್ ವೀಲಾಕ್,
ಬಾಲ್ಟಿಮೋರ್ ಕಡೆಯವನು, ಅಂಕಿಗಳ ಮನುಷ್ಯ.
ಯಾರ ಎಡಗೈ ಎಷ್ಟು ಸೋಮಾರಿ, ಗಾಳಿ ಎತ್ತಣದು,
ಎಲ್ಲವೂ ಜೇಬಿನ ಪುಸ್ತಕದಲ್ಲಿ.
ರಕ್ಷಣೆಗೆ ಆರಿನ್ ಜಿಮರ್ಸನ್, ಸೆನೆಕಾ ಜನ.
ಅವನ ತಾತ ಹಿಕರಿ ಮರವನ್ನು ಆವಿಯಲ್ಲಿ ಬಗ್ಗಿಸಿ
ಕೋಲು ಮಾಡುತ್ತಿದ್ದವರು.
ಹೊಸ ಹುಡುಗನೊಬ್ಬ ಕೇಳಿದ,
‘ನಮ್ಮ ಕಾಲೇಜಿಗೆ ಈ ಆಟ ಯಾವಾಗ ಬಂತು?’
ಆರಿನ್ ಮೈದಾನವನ್ನೊಮ್ಮೆ ನೋಡಿ,
‘ಈ ಆಟದ ನಡುವೆ ಕಾಲೇಜು ಯಾವಾಗ ಬಂತು,
ಹಾಗೆ ಕೇಳು’ ಎಂದ. ಆ ವಾರಕ್ಕೆ ಅವನ ಮಾತು ಅಷ್ಟೇ.

ನಾವು ಮೂವರೂ ಈಗ ಹಾಲೊರನ್ನರ ಬಾಯಿ.
ಹಲಗೆ ಒಂದು, ಓದುವವರು ಮೂವರು.
‘ಇಳಿ’ ಎಂದು ಬರೆದರೆ
ವೀಲಾಕ್ ಕೂಗುತ್ತಾನೆ ನಿಧಾನ! ಎಂದು,
ಆರಿನ್, ಹಿಂದೆ ಸರಿಯಿರಿ,
ನಾನು, ಬೆಂಚಿಗೆ ಬಾರೋ.
ಪಾಪ, ಹುಡುಗರು ಮೂರನ್ನೂ ಮಾಡುತ್ತಿದ್ದರು.
ಅಚ್ಚರಿಯೆಂದರೆ, ಗೆಲ್ಲುತ್ತಲೂ ಇದ್ದೆವು.

ಏಪ್ರಿಲ್. ಆಲಿಕಲ್ಲೂ ಅಲ್ಲದ ಮಳೆಯೂ ಅಲ್ಲದ ಏನೋ ಒಂದು
ಅಡ್ಡಡ್ಡ ಬೀಳುತ್ತಿತ್ತು.
ಒಂದು ಗೋಲು ಹಿಂದೆ ಇದ್ದೆವು, ಉಳಿದದ್ದು ಹದಿನೆಂಟು ಸೆಕೆಂಡು.
ಕೊನೆಯ ವಿರಾಮ.
ಎಲ್ಲರೂ ಸುತ್ತ ಬಗ್ಗಿದರು, ಹೆಲ್ಮೆಟ್ಟುಗಳ ಒಳಗಿಂದ ಹಬೆ.
ಹಾಲೊರನ್ ಬರೆದರು. ಉದ್ದಕ್ಕೇ ಬರೆದರು.
ಹಲಗೆ ಎತ್ತಿ ಹಿಡಿದಾಗ ಅಲ್ಲಿ ಅಕ್ಷರವೇ ಇಲ್ಲ,
ಹಸಿರು ನೀರು ಅವರ ತೋಳಿನ ಗುಂಟ ಇಳಿದು
ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

ವೀಲಾಕ್ ಪುಸ್ತಕ ತೆರೆದ, ಹಾಳೆಗಳು ಅಂಟಿಕೊಂಡಿದ್ದವು.
ಆರಿನ್ ಆಕಾಶ ನೋಡಿದ.
ಯಾರ ಬಾಯಿಂದಲೋ ಬಂತು:
‘ಹದಿನಾಲ್ಕು ಅಂತ ಬರೆದಿದ್ದಾರೆ. ಲಾಫ್ಟಸ್‌ಗೆ ಕೊಡಿ.’
ಬಾಯಿ ನನ್ನದೇ.
ಇಡೀ ವರ್ಷ ಬೆಂಚು ಬೆಚ್ಚಗಿಟ್ಟ ಹುಡುಗ ಲಾಫ್ಟಸ್.
ಹಿಂದಿನ ರಾತ್ರಿ ಅವನ ಜಾಳಿಗೆ ಹೆಣೆಯುತ್ತ
ಇದು ಚೆನ್ನಾಗಿ ಬಂತು ಅಂದುಕೊಂಡಿದ್ದೆ, ಅಷ್ಟೇ.
ಹಾಲೊರನ್ ನನ್ನನ್ನು ನೋಡಿದರು.
ತಲೆ ಅಲ್ಲಾಡಿಸಬಹುದಿತ್ತು. ಆಡಿಸಲಿಲ್ಲ.

ಲಾಫ್ಟಸ್ ತಿರುಗಿದ, ಒಬ್ಬನನ್ನು ದಾಟಿದ, ಹೊಡೆದ.
ಠಣ್.
ಮೇಲಿನ ಕಂಬಿ.
ಸದ್ದು ಉಪ್ಪಿನ ಕಾರ್ಖಾನೆಯವರೆಗೂ ಹೋಗಿರಬೇಕು.

ಬಸ್ಸಿನಲ್ಲಿ ಯಾರೂ ಏನೂ ತಿನ್ನಲಿಲ್ಲ.
ಆರಿನ್ ಒದ್ದೆ ಕೈಗವಸುಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟ.
ನಾನು ಎದ್ದು ಹೋಗಿ ಹಾಲೊರನ್ ಪಕ್ಕ ಕೂತೆ.
‘ಕೋಚ್, ಅಲ್ಲಿ ಹದಿನಾಲ್ಕು ಅಂತ ಇರಲಿಲ್ಲ.’
ಅವರು ತೋಳಿನ ಹಸಿರನ್ನು ಬೆರಳಿನಿಂದ ಉಜ್ಜುತ್ತಿದ್ದರು.
ಅವರು ಬರೆದದ್ದು ಏನೆಂದು ಕೇಳಿದೆ.
ಹಲಗೆ ಎಳೆದುಕೊಂಡು
ಓಡುವ ಬಸ್ಸಿನಲ್ಲಿ ಸೊಟ್ಟಸೊಟ್ಟಗೆ ಬರೆದರು:
ಅವನ ಜಾಳಿಗೆ ಸ್ವಲ್ಪ ಬಿಗಿ ಮಾಡು.

ಮರುದಿನ ಬಿಚ್ಚಿ ನೋಡಿದೆ.
ಮೇಲಿನಿಂದ ಮೂರನೆಯದು, ಬಲಗಡೆ.